ಹತ್ತು ತಿಂಗಳ ಅಡ್ವಾನ್ಸ್: ಬೆಂಗಳೂರಿನ ಬಾಡಿಗೆ ಪದ್ಧತಿಯ ಒಂದು ವಿಮರ್ಶೆ

ಬಾಡಿಗೆಯ ಹತ್ತು ಪಟ್ಟು ಹಣವನ್ನು ಬಡ್ಡಿಯಿಲ್ಲದ ಅಡ್ವಾನ್ಸ್ ಆಗಿ ಓನರ್‌ಗೆ ಕೊಡುವುದು, ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕುವುದು, ಮನೆ ಬಿಡುವಾಗ ಸುಣ್ಣಬಣ್ಣದ ಲೆಕ್ಕಕ್ಕೆ ಒಂದು ತಿಂಗಳ ಬಾಡಿಗೆ ಮುರಿಸಿಕೊಂಡು ಉಳಿದದ್ದನ್ನು ವಾಪಸ್ ಪಡೆಯುವುದು: ಬೆಂಗಳೂರಿನಲ್ಲಿ ಮನೆ ಬಾಡಿಗೆಯ ರೂಢಿ ಇದು. ಅಪಾರ್ಟ್‌ಮೆಂಟುಗಳಲ್ಲಿ ಅಡ್ವಾನ್ಸ್ ಈಚೆಗೆ ಐದಾರು ತಿಂಗಳಿಗೆ, ಕೆಲವೆಡೆ ಅದಕ್ಕಿಂತ ಕೆಳಕ್ಕೂ ಇಳಿದಿದೆ. ಆದರೆ ಮೂವತ್ತು-ನಲವತ್ತರ ಸೈಟಿನಲ್ಲಿ ಒಂದು ಮಹಡಿಯಲ್ಲಿ ತಾವಿದ್ದು ಉಳಿದವನ್ನು ಬಾಡಿಗೆಗೆ ಬಿಡುವ ಸಾವಿರಾರು ಮನೆಗಳಲ್ಲಿ ಹಳೆಯ ಲೆಕ್ಕ ಇನ್ನೂ ಹೋಗಿಲ್ಲ. ಈ ಪದ್ಧತಿ ಓನರ್ ಬಯಸುವ ಭದ್ರತೆಯನ್ನು ಪೂರ್ತಿಯಾಗಿ ಕೊಡುವುದಿಲ್ಲ. ಬಾಡಿಗೆದಾರನ ಹಣಕ್ಕಂತೂ ಯಾವ ಭದ್ರತೆಯನ್ನೂ ಇಡುವುದಿಲ್ಲ.

ತಿಂಗಳಿಗೆ 20,000 ರೂಪಾಯಿ ಬಾಡಿಗೆಯ ಮನೆಯನ್ನು ತೆಗೆದುಕೊಂಡರೆ ಲೆಕ್ಕ ಸ್ಪಷ್ಟವಾಗುತ್ತದೆ. ಅಡ್ವಾನ್ಸ್ 2,00,000, ಮೊದಲ ತಿಂಗಳ ಬಾಡಿಗೆ 20,000, ಬ್ರೋಕರ್ ಇದ್ದರೆ ಅವನ ಕಮಿಷನ್ ಇನ್ನೊಂದು 20,000. ಸಾಮಾನು ಸಾಗಿಸುವ ಖರ್ಚು ಬಿಟ್ಟು, ಹಾಲುಕ್ಕಿಸುವ ಹೊತ್ತಿಗೆ 2,40,000 ರೂಪಾಯಿ ಕೈಬಿಟ್ಟಿರುತ್ತದೆ. ಬ್ಯಾಂಕಿನಲ್ಲಿ ವರ್ಷಕ್ಕೆ ಶೇ. 6ರ ಬಡ್ಡಿ ಹಿಡಿದರೂ ಎರಡು ಲಕ್ಷ ರೂಪಾಯಿಗೆ ತಿಂಗಳಿಗೆ 1,000 ರೂಪಾಯಿ ತಪ್ಪಿಹೋಗುತ್ತದೆ. ಎರಡು ವರ್ಷ ಇದ್ದು ಬಿಟ್ಟರೆ, ಸುಣ್ಣಬಣ್ಣ ಮತ್ತು ಬ್ರೋಕರ್ ಹಣ ಸೇರಿ ತಿಂಗಳಿಗೆ ಇನ್ನೂ ಸುಮಾರು 1,660 ರೂಪಾಯಿ. ಹಾಗಾಗಿ ಕರಾರಿನಲ್ಲಿ ಇಪ್ಪತ್ತು ಸಾವಿರವೆಂದು ಬರೆದ ಮನೆಗೆ ನಿಜವಾಗಿ ಬೀಳುವುದು ಇಪ್ಪತ್ತೆರಡೂವರೆ ಸಾವಿರಕ್ಕೂ ಹೆಚ್ಚು. ಊರಿಂದ ಹೊಸದಾಗಿ ಕೆಲಸಕ್ಕೆ ಬಂದವರು ಈ ಅಡ್ವಾನ್ಸನ್ನು ಬಹುಪಾಲು ಸಾಲ ಮಾಡಿಯೇ ಹೊಂದಿಸುತ್ತಾರೆ. ಅಂಥವರ ಬಡ್ಡಿ ಶೇ. 6ರಲ್ಲಿ ನಿಲ್ಲುವುದಿಲ್ಲ.

ಇಷ್ಟು ದೊಡ್ಡ ಮೊತ್ತವನ್ನು ಓನರ್‌ಗಳು ಕೇಳುವುದು ಬರೀ ದುರಾಸೆಯಿಂದ ಎನ್ನುವುದು ಅನ್ಯಾಯವಾದೀತು. ಬಾಡಿಗೆದಾರ ಬಾಡಿಗೆ ನಿಲ್ಲಿಸಿ ಮನೆಯಲ್ಲೇ ಕೂತರೆ ಏನು ಗತಿ ಎಂಬ ಭಯ ನಿಜವಾದದ್ದು, ಅದಕ್ಕೆ ಇತಿಹಾಸವೂ ಇದೆ. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಬಾಡಿಗೆದಾರರನ್ನು ಬಿಡಿಸುವುದು ಕಷ್ಟವಾಗಿತ್ತು. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ, ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಇಂದು ಬೆಂಗಳೂರಿನ ಮನೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ಗೆರೆ ದಾಟಿವೆ. ತಕರಾರು ಬಂದರೆ ಉಳಿದಿರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಸಿವಿಲ್ ಕೋರ್ಟು. ನೋಟಿಸು, ದಾವೆ, ಮೇಲ್ಮನವಿ ಎಂದು ಅಲ್ಲಿ ವರ್ಷಗಳು ಉರುಳುತ್ತವೆ.

ಕಾನೂನು ಮಾಡಬೇಕಾದ ಕೆಲಸವನ್ನು ಅಡ್ವಾನ್ಸ್ ಹೊತ್ತುಕೊಂಡಿರುವುದು ಹೀಗೆ. ಅದಕ್ಕೆ ಆ ಶಕ್ತಿ ಇಲ್ಲ. ಬಹುಪಾಲು ಬಾಡಿಗೆದಾರರು ಬಾಡಿಗೆ ಸರಿಯಾಗಿ ಕಟ್ಟಿ, ಒಂದೆರಡು ನಲ್ಲಿ, ಒಂದು ಒಡೆದ ಗಾಜು, ಕೊನೆಯ ಕರೆಂಟ್ ಬಿಲ್ಲು ಬಿಟ್ಟು ಬೇರೆ ನಷ್ಟ ಮಾಡದೆ ಹೋಗುತ್ತಾರೆ. ಇದಕ್ಕೆ ಎರಡು ತಿಂಗಳ ಹಣವೇ ಧಾರಾಳ. ಹಟ ಹಿಡಿದು ಕೂತ ಒಬ್ಬನನ್ನು ಕೋರ್ಟಿನ ಮೂಲಕ ಬಿಡಿಸಲು ಹೊರಟರೆ ಹತ್ತು ತಿಂಗಳ ಹಣವೂ ಸಾಲದು. ಸಾಮಾನ್ಯ ನಷ್ಟಕ್ಕೆ ವಿಪರೀತ, ದೊಡ್ಡ ಅಪಾಯಕ್ಕೆ ಸಾಲದ ಮೊತ್ತವಿದು.

ಇನ್ನೊಂದು ಕಡೆಯಿಂದ ನೋಡಿದರೆ ಬಾಡಿಗೆದಾರ ಸಾಲಗಾರನಲ್ಲ, ಸಾಲ ಕೊಟ್ಟವನು. ಅವನ ಎರಡು ಲಕ್ಷಕ್ಕೆ ಅಡಮಾನವಿಲ್ಲ, ಜಾಮೀನಿಲ್ಲ. ಅಡ್ವಾನ್ಸ್ ಹಣವನ್ನು ಎತ್ತಿಡುವ ಓನರ್ ಅಪರೂಪ. ಅದು ಮೇಲಿನ ಮಹಡಿಯ ಮೋಲ್ಡಿಗೋ ಮಗಳ ಮದುವೆಗೋ ಹಿಂದಿನ ಬಾಡಿಗೆದಾರನಿಗೆ ವಾಪಸ್ ಕೊಡಲಿಕ್ಕೋ ಹೋಗಿರುತ್ತದೆ. ಹೊಸಬರು ಬಂದ ಮೇಲೆ ಕೊಡುತ್ತೇನೆ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಮನೆ ಖಾಲಿ ಉಳಿದರೆ ಸರಪಳಿ ಕಡಿಯುತ್ತದೆ, ಬಿಟ್ಟುಹೋದವನ ಹಣ ಸಿಕ್ಕಿಬೀಳುತ್ತದೆ. ಇಂಗ್ಲೆಂಡಿನಲ್ಲಿ 2007ರಿಂದ ಇಂಥ ಠೇವಣಿಯನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯಲ್ಲಿ ನೋಂದಾಯಿಸಲೇಬೇಕು. 2019ರಿಂದ ಅದರ ಮೊತ್ತಕ್ಕೂ ಮಿತಿ ಇದೆ, ಸಾಮಾನ್ಯ ಮನೆಗಳಿಗೆ ಐದು ವಾರದ ಬಾಡಿಗೆ. ಬೆಂಗಳೂರಿನ ಬಾಡಿಗೆದಾರನಿಗೆ ಓನರ್‌ನ ಮಾತೇ ರಕ್ಷಣೆ.

ಸುಣ್ಣಬಣ್ಣದ ಮುರಿತ ಈ ಪದ್ಧತಿಯ ಅತ್ಯಂತ ದುರ್ಬಲ ಭಾಗ. ಹನ್ನೊಂದು ತಿಂಗಳಿದ್ದವನಿಗೂ ಐದು ವರ್ಷ ಇದ್ದವನಿಗೂ ಒಂದೇ ದರ. ಗೋಡೆ ಹೇಗಿದೆ ಎಂದು ನೋಡುವ ಪ್ರಶ್ನೆಯೇ ಇಲ್ಲ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಪೈಪು, ವೈರಿಂಗ್ ಇವನ್ನೆಲ್ಲ ಓನರ್‌ನ ಹೊಣೆಯಲ್ಲಿ ಇಡುತ್ತದೆ. ನಲ್ಲಿಯ ವಾಷರ್, ಸ್ವಿಚ್ಚು, ಗೀಸರ್ ರಿಪೇರಿ, ಚರಂಡಿ ಕಟ್ಟಿದರೆ ತೆಗೆಸುವುದು ಬಾಡಿಗೆದಾರನ ಪಾಲು. ಇದು ಸರಿಯಾದ ಹಂಚಿಕೆ. ಆದಾಯ ತೆರಿಗೆಯ ಲೆಕ್ಕದಲ್ಲೂ, ಪಾಲಿಕೆಗೆ ಕಟ್ಟಿದ ಕಂದಾಯ ಕಳೆದು ಉಳಿದ ಬಾಡಿಗೆ ಆದಾಯದಲ್ಲಿ ಶೇ. 30ರಷ್ಟನ್ನು ಓನರ್ ಖರ್ಚು ತೋರಿಸದೆಯೇ ಬಿಟ್ಟುಕೊಳ್ಳಬಹುದು. ಆ ಕಡಿತ ಇರುವುದೇ ದುರಸ್ತಿಯಂಥ ಖರ್ಚಿಗಾಗಿ. ಅದನ್ನು ಪಡೆದು, ಬಣ್ಣದ ಹಣವನ್ನು ಬಾಡಿಗೆದಾರನಿಂದಲೂ ಮುರಿದುಕೊಳ್ಳುವುದು ಒಂದೇ ಖರ್ಚನ್ನು ಎರಡು ಕಡೆ ವಸೂಲಿ ಮಾಡಿದಂತೆ.

ಓನರ್‌ನ ಖರ್ಚುಗಳು ಹೊರಗಿನವರಿಗೆ ಕಾಣುವುದಕ್ಕಿಂತ ಹೆಚ್ಚು. ಬೆಂಗಳೂರಿನಲ್ಲಿ 2008ರ ಯುನಿಟ್ ಏರಿಯಾ ಪದ್ಧತಿಯಿಂದ ಹಿಡಿದು, ಬಾಡಿಗೆಗೆ ಕೊಟ್ಟ ಭಾಗದ ಕಂದಾಯದ ದರ ಸ್ವಂತ ವಾಸದ ಭಾಗದ ಎರಡು ಪಟ್ಟು. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುವುದಷ್ಟೇ ಸಮಾಧಾನ. ಬೋರ್‌ವೆಲ್ ಮೋಟರ್ ಸುಟ್ಟರೆ, ಸಂಪು ಸೋರಿದರೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕಾದರೆ ಹೊಣೆ ಅವರದೇ. ಇವೆಲ್ಲಕ್ಕಿಂತ ದೊಡ್ಡ ನಷ್ಟ ಮನೆ ಖಾಲಿ ಬೀಳುವುದು. ಎರಡು ಲಕ್ಷದ ಅಡ್ವಾನ್ಸಿನಿಂದ ವರ್ಷಕ್ಕೆ ದಕ್ಕುವ ಬಡ್ಡಿ 12,000 ರೂಪಾಯಿ. ಮನೆ ಒಂದು ತಿಂಗಳು ಖಾಲಿ ಉಳಿದರೆ ಹೋಗುವುದು 20,000. ಅಡ್ವಾನ್ಸ್ ಇಳಿಸದೆ ಗೇಟಿಗೆ ‘ಮನೆ ಬಾಡಿಗೆಗಿದೆ’ ಬೋರ್ಡು ತೂಗಿಸಿಕೊಂಡು ಒಂದೂವರೆ ತಿಂಗಳು ಕಾಯುವ ಓನರ್ ತನ್ನ ಲೆಕ್ಕದಲ್ಲೇ ಸೋಲುತ್ತಾನೆ.

ಹನ್ನೊಂದು ತಿಂಗಳ ಅವಧಿಗೆ ಕಾರಣ 1908ರ ನೋಂದಣಿ ಕಾಯ್ದೆ. ಒಂದು ವರ್ಷ ಮೀರಿದ ಕರಾರನ್ನು ಅದು ಕಡ್ಡಾಯವಾಗಿ ನೋಂದಾಯಿಸಬೇಕೆನ್ನುತ್ತದೆ. ಆ ಖರ್ಚು, ಓಡಾಟ ತಪ್ಪಿಸಲು ಒಂದು ತಿಂಗಳು ಕಡಿಮೆ. ಉಳಿತಾಯದ ಮನಸ್ಸು ಅಲ್ಲಿಗೇ ನಿಲ್ಲದೆ ಛಾಪಾ ಕಾಗದದ ಬೆಲೆಯಲ್ಲೂ ಕೈ ಹಿಡಿಯುತ್ತದೆ. ಮುದ್ರಾಂಕ ಶುಲ್ಕ ಕಡಿಮೆ ಬಿದ್ದ ಕರಾರನ್ನು, ಕೊರತೆಯ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟುವ ತನಕ ಕೋರ್ಟು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಜಗಳ ಬಂದ ದಿನ ಇಬ್ಬರಿಗೂ ಕಾಗದ ಆಸರೆಯಾಗುವುದಿಲ್ಲ. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರನ್ನು ಅವಧಿ ಎಷ್ಟೇ ಇರಲಿ ನೋಂದಾಯಿಸುವುದು ಕಡ್ಡಾಯ, ಹೊಣೆ ಓನರ್‌ನದು. ಅದಕ್ಕೆ ಹೋಲಿಸಿದರೆ ಇಲ್ಲಿನ ನೋಟರಿ ಸೀಲು ಬಹಳ ತೆಳುವಾದ ರಕ್ಷಣೆ.

ಅಡ್ವಾನ್ಸಿನ ತರ್ಕವನ್ನು ಕೊನೆಯವರೆಗೆ ಎಳೆದರೆ ಸಿಗುವುದು ಭೋಗ್ಯ. ಹಲವು ಲಕ್ಷ ರೂಪಾಯಿಯನ್ನು ಒಮ್ಮೆಗೇ ಕೊಟ್ಟು, ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಪೂರ್ತಿ ಮೊತ್ತ ವಾಪಸ್ ಪಡೆಯುವ ಏರ್ಪಾಡು. ಬಡ್ಡಿಯ ಲೆಕ್ಕದಲ್ಲಿ ಇದು ಬಾಡಿಗೆದಾರನಿಗೆ ಲಾಭದಂತೆ ಕಂಡರೂ ಅಪಾಯ ಹತ್ತು ಪಟ್ಟು ಹೆಚ್ಚು. ಮನೆ ಮೊದಲೇ ಬ್ಯಾಂಕಿಗೆ ಅಡಮಾನವಾಗಿದ್ದು ಓನರ್ ಕಂತು ನಿಲ್ಲಿಸಿದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಕೋರ್ಟಿಗೆ ದಾವೆ ಹೂಡದೆಯೇ ಮನೆಯನ್ನು ಹರಾಜಿಗೆ ತರಬಹುದು. ನೋಂದಣಿಯಾಗದ ಭೋಗ್ಯದ ಪತ್ರ ಹಿಡಿದ ಕುಟುಂಬ ಆಗ ಮನೆಯನ್ನೂ ಜೀವಮಾನದ ಉಳಿತಾಯವನ್ನೂ ಒಟ್ಟಿಗೆ ಕಳೆದುಕೊಳ್ಳುವ ಸ್ಥಿತಿಗೆ ಬರುತ್ತದೆ. ಭೋಗ್ಯಕ್ಕೆ ಹೋಗುವವರು ಋಣಭಾರ ಪ್ರಮಾಣಪತ್ರ ತೆಗೆಸಿ ನೋಡುವುದು, ಪತ್ರವನ್ನು ನೋಂದಾಯಿಸುವುದು, ಹಣವನ್ನು ಬ್ಯಾಂಕಿನ ಮೂಲಕವೇ ಕೊಡುವುದು ಅನಿವಾರ್ಯ.

ಮಾದರಿ ಬಾಡಿಗೆ ಕಾಯ್ದೆ ಅಡ್ವಾನ್ಸಿಗೆ ವಾಸದ ಮನೆಯಾದರೆ ಎರಡು ತಿಂಗಳು, ಅಂಗಡಿ ಕಚೇರಿಗಳಿಗೆ ಆರು ತಿಂಗಳ ಮಿತಿ ಹಾಕುತ್ತದೆ. ಜೊತೆಗೆ ಓನರ್‌ನ ಭಯಕ್ಕೂ ಉತ್ತರ ಕೊಡುತ್ತದೆ: ಬಾಡಿಗೆ ಪ್ರಾಧಿಕಾರ, ಬಾಡಿಗೆ ನ್ಯಾಯಾಲಯ, ನ್ಯಾಯಮಂಡಳಿ ಎಂಬ ಪ್ರತ್ಯೇಕ ವ್ಯವಸ್ಥೆ; ಅವಧಿ ಮುಗಿದೂ ಬಿಡದವನಿಗೆ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ. ಈ ಎರಡನೆಯ ಭಾಗವಿಲ್ಲದೆ ಮೊದಲನೆಯದು ನಡೆಯದು. ಬೇಗ ತೀರ್ಪು ಸಿಗುವ ನಂಬಿಕೆಯಿಲ್ಲದ ಓನರ್ ಎರಡು ತಿಂಗಳ ಮಿತಿಗೆ ಒಪ್ಪಲಾರ, ಒಪ್ಪಿದಂತೆ ಬರೆದು ಉಳಿದದ್ದನ್ನು ನಗದಾಗಿ ಪಡೆದಾನು. ಇದು ಮಾದರಿ ಮಾತ್ರ, ಜಾರಿಗೆ ಬರಬೇಕಾದರೆ ರಾಜ್ಯವೇ ಕಾಯ್ದೆ ಮಾಡಬೇಕು. ಆದರೆ ಕೆಲವು ಸುಧಾರಣೆಗಳಿಗೆ ಯಾವ ಕಾಯ್ದೆಯೂ ಬೇಕಿಲ್ಲ, ಕರಾರಿನಲ್ಲಿ ಬರೆದುಕೊಂಡರೆ ಸಾಕು. ಒಳಬರುವ ದಿನ ಗೋಡೆ, ನಲ್ಲಿ, ಬಾಗಿಲುಗಳ ಫೋಟೊ ತೆಗೆದು ಎರಡೂ ಕಡೆಯವರು ಇಟ್ಟುಕೊಳ್ಳುವುದು, ಬಣ್ಣದ ಖರ್ಚನ್ನು ಇದ್ದ ವರ್ಷಗಳಿಗೆ ತಕ್ಕಂತೆ ನಿಗದಿ ಮಾಡುವುದು, ಬೀಗದ ಕೈ ಕೊಟ್ಟ ದಿನವೇ ಬಾಕಿ ಕಳೆದು ಅಡ್ವಾನ್ಸ್ ಹಿಂದಿರುಗಿಸಬೇಕು ಎಂಬ ಸಾಲನ್ನು ಸೇರಿಸುವುದು ಇಂದೂ ಸಾಧ್ಯ.