ಸೇವೆಯೋ, ಬಿಟ್ಟಿ ಚಾಕರಿಯೋ?

ನಮ್ಮ ಬಡಾವಣೆಯಲ್ಲಿ ಸೇವಾಸಂಸ್ಥೆಯೊಂದು ಮನೆಮನೆಯ ಕಸ ಒಯ್ಯಲು ಶುರುಮಾಡಿದಾಗ ಎಲ್ಲರೂ ಹೊಗಳಿದೆವು. ತಿಂಗಳ ಕೊನೆಗೆ ಗಾಡಿಯ ಹೆಂಗಸು ರಸೀದಿ ಪುಸ್ತಕ ಹಿಡಿದು ಬಂದಳು. ಆಗ ಬಾಗಿಲಲ್ಲಿ ನಿಂತ ನಮ್ಮೆಲ್ಲರದೂ ಒಂದೇ ಮಾತು: "ನಿಮ್ಮದು ಸೇವಾಸಂಸ್ಥೆ ಅಲ್ಲವೇನಮ್ಮಾ? ದುಡ್ಡು ಯಾಕೆ?" ಹಾಗೆ ಕೇಳಿದವರಲ್ಲಿ ನಾನೂ ಒಬ್ಬಳು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪದಗಳ ಅರ್ಥ ಬರೆಸಿದವಳಿಗೆ ಈ ಪದದ ಅರ್ಥ ತಿಳಿದಿರಲಿಲ್ಲ ನೋಡಿ!

ಸಂಸ್ಥೆ ಲಾಭಕ್ಕಾಗಿ ನಡೆಯುವುದಿಲ್ಲ ಎಂದರೆ, ಗಾಡಿ ತಳ್ಳುವವಳು ಕೂಲಿಯಿಲ್ಲದೆ ತಳ್ಳಬೇಕು ಎಂದರ್ಥವಲ್ಲ. ಪುಣೆಯ ಹೆಂಗಸರು ಈ ಲೆಕ್ಕವನ್ನು ಎಂದೋ ಬಿಡಿಸಿದ್ದಾರೆ. ಅಲ್ಲಿನ ಚಿಂದಿ ಆಯುವವರು, ಹೆಚ್ಚಿನವರು ದಲಿತ ಹೆಂಗಸರು, 1993ರಲ್ಲಿ 'ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘ ಕಟ್ಟಿಕೊಂಡರು. ಆ ಬಳಗದಿಂದಲೇ 'ಸ್ವಚ್ಛ್' ಸಹಕಾರ ಸಂಘ ಬೆಳೆಯಿತು; 2008ರಲ್ಲಿ ನಗರಪಾಲಿಕೆಯೊಡನೆ ಒಪ್ಪಂದವಾಯಿತು. ಮನೆಯವರು ಕೊಡುವ ತಿಂಗಳ ಶುಲ್ಕ, ಆಯ್ದ ಒಣಕಸ ಮಾರಿ ಬಂದ ಹಣ ಎರಡೂ ಕಸ ಎತ್ತಿದವರ ಸಂಪಾದನೆ. ಅವರು ಕೇಳಿದ್ದು ದಯೆಯನ್ನಲ್ಲ, ದುಡಿಮೆಗೆ ಬೆಲೆಯನ್ನು.

ನಮ್ಮ ಊರಿನ ಸಂಸ್ಥೆಯವರ ಮೇಲೂ ನನ್ನದೊಂದು ದೂರಿದೆ. ಅವರ ಕರಪತ್ರದಲ್ಲಿ 'ನಿಸ್ವಾರ್ಥ ಸೇವೆ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಹೊಸ ಪೊರಕೆ ಹಿಡಿದ ಅತಿಥಿಗಳ ಚಿತ್ರವೂ ಇದೆ. ದಿನವೂ ಕಸ ಎತ್ತುವವರಿಗೆ ಸಿಗುವ ಸಂಬಳವೆಷ್ಟು, ಕೈಗವಸು ಕೊಟ್ಟಿದ್ದಾರೆಯೇ ಎಂಬ ಒಂದು ಸಾಲೂ ಇಲ್ಲ. ಅವರೇ ಇದನ್ನು ಸೇವೆ ಎಂದು ಸಾರಿದ ಮೇಲೆ ನಾವು ಚೌಕಾಸಿ ಮಾಡದೆ ಇರುತ್ತೇವೆಯೇ?

ಒಂದು ಬೆಳಿಗ್ಗೆ ಕಸ ಬೇರ್ಪಡಿಸುವ ಶೆಡ್ಡಿಗೆ ಹೋಗಿದ್ದೆ. ಆಕೆ ಬರಿಗೈಯಲ್ಲಿ ಚೀಲವೊಂದರ ಗಂಟು ಬಿಚ್ಚಿದಳು. ಒಳಗೆ ಹಳಸಿದ ಸಾರು, ಒಡೆದ ಲೋಟ, ಜೊತೆಗೇ ಬಳಸಿದ ಪ್ಯಾಡು. ಹಸಿ, ಒಣ, ಅಪಾಯದ ಕಸ ಬೇರೆಬೇರೆ ಇಡಬೇಕು, ಪ್ಯಾಡನ್ನು ಭದ್ರವಾಗಿ ಸುತ್ತಿ ಕೊಡಬೇಕು ಎಂದು 2016ರ ನಿಯಮಗಳೇ ಹೇಳಿದ್ದವು. ಅಡುಗೆಮನೆಯಲ್ಲಿ ನಮಗೆ ಎರಡು ನಿಮಿಷದ ಕೆಲಸ. ಅದನ್ನು ತಪ್ಪಿಸಿಕೊಂಡು ಇನ್ನೊಬ್ಬ ಹೆಂಗಸಿನ ಕೈಗೆ ದಾಟಿಸಿದ್ದೇವೆ. ಇದಕ್ಕೆ ಬಿಟ್ಟಿ ಚಾಕರಿ ಎನ್ನದೆ ಬೇರೇನು ಹೆಸರಿದೆ?

ಮುಂದಿನ ಕರಪತ್ರದಲ್ಲಿ ಕೆಲಸಗಾರರ ಸಂಬಳವನ್ನೂ ಅಚ್ಚು ಹಾಕಿಸಿ ಎಂದು ಸಂಸ್ಥೆಯವರಿಗೆ ಕಾಗದ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಈ ತಿಂಗಳ ರಸೀದಿ ಬರಲಿ, ಹಣ ಕೊಟ್ಟು ಕೇಳುತ್ತೇನೆ. ಅಷ್ಟರಲ್ಲಿ ಮನೆಯಲ್ಲಿ ಮೂರು ಡಬ್ಬಿ ಇಟ್ಟಾಗಿದೆ.