ತುಮಕೂರು ಸೀಮೆಯ ಹಳೆಯ ಮನೆತನಗಳು: ಆಂಗ್ಲ ಗ್ರಂಥಗಳ ಸಾಕ್ಷ್ಯಪರಾಮರ್ಶೆ

ತುಮಕೂರು, ಗುಬ್ಬಿ, ಕುಣಿಗಲು ಸೀಮೆಗಳ ಚರಿತ್ರೆಯನ್ನು ಬರೆಯಹೊರಟವರು ಮುಖ್ಯವಾಗಿ ಮೂರು ಆಂಗ್ಲ ಗ್ರಂಥಗಳನ್ನು ಆಶ್ರಯಿಸುವುದುಂಟು. 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಫ್ರಾನ್ಸಿಸ್ ಬುಕಾನನ್ನರ ಪ್ರವಾಸಗ್ರಂಥವು ಮೊದಲನೆಯದು. 1882ರಲ್ಲಿ ಹೊರಬಂದ ಡಾಬ್ಸರ ಸ್ಮೃತಿಗಳು ಎರಡನೆಯದು. 1897ರಲ್ಲಿ ಪರಿಷ್ಕೃತವಾದ ಬಿ. ಎಲ್. ರೈಸರ ಮೈಸೂರು ಗ್ಯಾಸೆಟಿಯರು ಮೂರನೆಯದು. ಇವುಗಳ ಮಾತನ್ನು ಎತ್ತಿ ಬರೆದವರು ಅನೇಕರು; ಆ ಮಾತು ಯಾರ ಬಾಯಿಂದ ಬಂದುದೆಂದು ವಿಚಾರಿಸಿದವರು ವಿರಳ. ಒಂದು ಮನೆತನವು ಪ್ರಾಚೀನವೆನಿಸಿಕೊಳ್ಳುವುದು ಅದರ ವಯಸ್ಸಿನಿಂದಲೋ, ಅದರ ಕಥೆಯನ್ನು ಬರೆದುಕೊಂಡ ಅಧಿಕಾರಿಯ ಪ್ರಯೋಜನದಿಂದಲೋ ಎಂಬುದೇ ಪ್ರಕೃತ ವಿಚಾರ.

ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ಮರುವರ್ಷವೇ ಬುಕಾನನ್ನರು ವೆಲ್ಲೆಸ್ಲಿಯ ಆಜ್ಞೆಯಂತೆ ಪ್ರಯಾಣ ಹೊರಟರು. ಬೆಳೆ, ವ್ಯಾಪಾರ, ಕೈಗಾರಿಕೆಗಳನ್ನು ಅರಿಯುವುದು ಆ ಪ್ರಯಾಣದ ಉದ್ದೇಶ. ಗುಬ್ಬಿಯ ಸಂತೆಯನ್ನು ವರ್ಣಿಸುತ್ತ ಅವರು ಹೊಸಹಳ್ಳಿಯ ಪಾಳೆಯಗಾರರ ಐತಿಹ್ಯವನ್ನೂ ಬರೆದಿಟ್ಟರು. ಆ ಮನೆತನದವರು ಸುಮಾರು 400 ವರ್ಷಗಳ ಹಿಂದೆ ಗುಬ್ಬಿಯನ್ನು ಕಟ್ಟಿಸಿದರೆಂದೂ, ಮೂಲಪುರುಷನಾದ ಹೊನ್ನಪ್ಪಗೌಡನು 700 ವರ್ಷಗಳ ಹಿಂದಿನವನೆಂದೂ ಅಲ್ಲಿ ಹೇಳಿದೆ. ಇಂತಹ ತುಂಬುಸಂಖ್ಯೆಗಳು ಸ್ಮೃತಿಯ ಲಕ್ಷಣವೇ ಹೊರತು ಕಾಲನಿರ್ಣಯವಲ್ಲ. ಆದರೆ ಅದೇ ಕಥೆಯ ಉತ್ತರಾರ್ಧವು ಬೇರೆ ಬಗೆಯದು. ಮೈಸೂರು ಅರಸರು ಕಪ್ಪ ವಿಧಿಸಿದುದು, ಹೈದರನು ಅದನ್ನು ಏರಿಸಿದುದು, ಟಿಪ್ಪುವಿನ ಕಾಲದಲ್ಲಿ ಮನೆತನವು ಅಧಿಕಾರವನ್ನೇ ಕಳೆದುಕೊಂಡುದು, ಇವುಗಳಲ್ಲಿ ಕಡೆಯ ಘಟನೆಗಳು ಹೇಳಿದವರ ಜೀವಿತಕಾಲಕ್ಕೆ ಸಮೀಪವಾದವು. ಪೂರ್ವಾರ್ಧಕ್ಕೆ ಸಲ್ಲದ ವಿಶ್ವಾಸವು ಇದಕ್ಕೆ ಸಲ್ಲುತ್ತದೆ. ಒಂದೇ ವಾಕ್ಯಸಮೂಹದಲ್ಲಿ ಎರಡು ತೂಕದ ಸಾಕ್ಷ್ಯಗಳು ಬೆರೆತಿರುವುದನ್ನು ಗಮನಿಸದೆ ಇಡಿಯಾಗಿ ಸ್ವೀಕರಿಸುವುದೂ, ಇಡಿಯಾಗಿ ತಳ್ಳುವುದೂ ಸಮಾನವಾದ ದೋಷಗಳು.

ರೈಸರು ಈ ಐತಿಹ್ಯವನ್ನು ಗ್ಯಾಸೆಟಿಯರಿನಲ್ಲಿ ಸೇರಿಸಿದರು. ಅಲ್ಲಿಗೆ ಮನೆಮಾತು ಸರ್ಕಾರದ ಮಾತಾಯಿತು. ಆದರೆ ರೈಸರೇ 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವಾಗಿ ಪ್ರಕಟಿಸಿದರೆಂಬುದನ್ನು ಮರೆಯಲಾಗದು. ಅಂದರೆ ಗ್ಯಾಸೆಟಿಯರನ್ನು ತಿದ್ದುವ ಸಾಧನವನ್ನು ಅದರ ಕರ್ತೃವೇ ಒದಗಿಸಿದ್ದಾರೆ. ತುಮಕೂರಿಗೆ ಸಮೀಪದ ಕೈದಾಳವು ಇದಕ್ಕೆ ನಿದರ್ಶನ. ಜನರ ಬಾಯಲ್ಲಿ ಕೈದಾಳವು ಜಕಣಾಚಾರಿಯ ಊರು, ಕಡಿದುಕೊಂಡ ಕೈ ಮರಳಿ ಬಂದ ಸ್ಥಳ. ಶಾಸನವು ಹೇಳುವುದಾದರೋ ಹೊಯ್ಸಳ ಒಂದನೆಯ ನರಸಿಂಹನ ಸಾಮಂತನಾದ ಗೂಳಿ ಬಾಚಿಯ ವಿಷಯವನ್ನು. ಅದರ ಕಾಲ 12ನೆಯ ಶತಮಾನದ ನಡುಭಾಗ. ಐತಿಹ್ಯವು ಶಿಲ್ಪಿಯನ್ನು ಉಳಿಸಿಕೊಂಡಿತು, ಕಲ್ಲು ಒಡೆಯನನ್ನು ಉಳಿಸಿತು. ಸಾಮಂತನ ಮನೆತನವು ಜನರ ನೆನಪಿನಿಂದ ಜಾರಿಹೋದುದೂ ಚರಿತ್ರೆಯ ಒಂದು ಸಂಗತಿಯೇ.

ಡಾಬ್ಸರು ಕಮಿಷನರುಗಳ ಆಳ್ವಿಕೆಯಲ್ಲಿ ಚಿತ್ರದುರ್ಗ ವಿಭಾಗದ ಅಧಿಕಾರಿಯಾಗಿ ತುಮಕೂರಿನಲ್ಲಿ ನೆಲೆಸಿದ್ದವರು. ಡಾಬಸ್‌ಪೇಟೆಯು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಪೇಟೆಗೆ ಅಧಿಕಾರಸ್ಥನ ಹೆಸರು ನಿಲ್ಲುವುದು, ಅಂಗಡಿಯಿಟ್ಟವರ, ಉತ್ತವರ ಹೆಸರು ಅಳಿಯುವುದು, ಇದು ಪಾಳೆಯಗಾರರ ಕಾಲಕ್ಕೂ ಆಂಗ್ಲರ ಕಾಲಕ್ಕೂ ಸಮಾನವಾದ ರೀತಿ. ಕಂದಾಯ ಎತ್ತಿದವರ ವಂಶಾವಳಿ ದೊರೆಯುತ್ತದೆ. ಕಂದಾಯ ತೆತ್ತವರದು ದೊರೆಯುವುದು ದುರ್ಲಭ. ಬುಕಾನನ್ನರು ರೈತರನ್ನೂ ವರ್ತಕರನ್ನೂ ಕೇಳಿ ಬರೆದುದು ಅವರ ಗ್ರಂಥದ ದೊಡ್ಡ ಗುಣವಾದರೂ, ದುಭಾಷಿಗಳ ಮೂಲಕ ಬಂದ ಆ ಉತ್ತರಗಳಲ್ಲಿ ಕೇಳಿದ ಪ್ರಶ್ನೆಗಳ ಮೇರೆಯು ಕಾಣುತ್ತದೆ.

ಈ ವಿವೇಚನೆಯು ಕೇವಲ ಪುಸ್ತಕದ್ದಲ್ಲ. ತುಮಕೂರು ತಾಲ್ಲೂಕಿನ ವಸಂತನರಸಾಪುರವು ಈಗ ಕೈಗಾರಿಕಾ ಪ್ರದೇಶದ ಹೆಸರಾಗಿ ಪ್ರಸಿದ್ಧವಾಗಿದೆ. ಅಲ್ಲಿಯ ಆಹಾರೋದ್ಯಾನವು 2014ರಲ್ಲಿ ಉದ್ಘಾಟಿತವಾಯಿತು. ಹೊಲವು ಕಾರ್ಖಾನೆಯ ನಿವೇಶನವಾದಾಗ ಹೊಲದ ಹೆಸರು, ಎಲ್ಲೆಕಲ್ಲು, ಅದಕ್ಕೆ ಅಂಟಿದ ಮನೆತನದ ಕಥೆ ಮೂರೂ ಒಟ್ಟಿಗೆ ಹೋಗುತ್ತವೆ. ಶಾಸನ, ಕೈಫಿಯತ್ತು, ಶ್ಯಾನುಭೋಗರ ಕಡತ, ಹಿರಿಯರ ಮಾತು, ಇವುಗಳನ್ನು ಒಂದರ ಪಕ್ಕಕ್ಕೆ ಒಂದನ್ನಿಟ್ಟು ಓದುವ ಕಾರ್ಯವು ಊರೂರಿನ ಉಪಾಧ್ಯಾಯರಿಗೆ ಸಾಧ್ಯವಾದುದು. ಮುಂದಿನ ಜಿಲ್ಲಾಚರಿತ್ರೆಯು ಮೂರು ಆಂಗ್ಲ ಗ್ರಂಥಗಳ ನಾಲ್ಕನೆಯ ಪ್ರತಿಯಾಗದಿರಬೇಕಾದರೆ ಆ ಕಾರ್ಯವು ವಿಳಂಬವಿಲ್ಲದೆ ನಡೆಯತಕ್ಕದ್ದು.