ಇತಿಹಾಸವನ್ನು ಓದಲು ಹೊರನಾಡೇಕೆ?



ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಬಾಳು ಕಟ್ಟಿಕೊಂಡವರ ಮಕ್ಕಳು, ಮೊಮ್ಮಕ್ಕಳು ಇಂದು ಇಂಗ್ಲೆಂಡ್, ಅಮೆರಿಕ, ಜರ್ಮನಿಗಳಿಗೆ ವಿದ್ಯಾರ್ಜನೆಗಾಗಿ ಹೋಗುವುದು ಹೊಸ ಸಂಗತಿಯೇನಲ್ಲ. ಎಂಜಿನಿಯರಿಂಗ್ ಕಲಿಯಲೋ ವೈದ್ಯವನ್ನು ಕಲಿಯಲೋ ಹೊರಟವನನ್ನು ಮನೆಮಂದಿಯೆಲ್ಲ ಹರಸಿ ಕಳುಹಿಸುತ್ತಾರೆ. ಆದರೆ ಅದೇ ಮನೆಯ ಮಗನೋ ಮಗಳೋ "ನಾನು ಇತಿಹಾಸವನ್ನು ಓದಲು ಹೋಗುತ್ತೇನೆ" ಎಂದರೆ ಹಿರಿಯರ ಬಾಯಿಂದ ಎರಡು ಪ್ರಶ್ನೆಗಳು ಹೊರಡುತ್ತವೆ. ಅದರಿಂದ ಹೊಟ್ಟೆ ತುಂಬೀತೆ ಎಂಬುದು ಒಂದು. ನಮ್ಮ ನಾಡಿನ ಇತಿಹಾಸವನ್ನು ಓದಲು ಪರನಾಡಿಗೇಕೆ ಹೋಗಬೇಕು ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಗೆ ಆಯಾ ಮನೆಯವರು ತಮ್ಮ ಅನುಕೂಲವನ್ನು ನೋಡಿಕೊಂಡು ಉತ್ತರ ಹೇಳಿಕೊಳ್ಳಬೇಕು. ಎರಡನೆಯದು ಎಲ್ಲರೂ ಕೂಡಿ ವಿಚಾರಿಸಬೇಕಾದ ಪ್ರಶ್ನೆ. ಅದನ್ನೇ ಇಲ್ಲಿ ತುಸು ವಿಮರ್ಶಿಸಲು ಬಯಸುತ್ತೇನೆ.

ಈ ಪ್ರಶ್ನೆ ಮನೆಯ ಜಗಲಿಯಲ್ಲಿಯೇ ಉಳಿದಿಲ್ಲ. ಪರಿಶಿಷ್ಟ ಜಾತಿಗಳ, ಅಲೆಮಾರಿ ಸಮುದಾಯಗಳ, ಭೂಹೀನ ಕೃಷಿ ಕಾರ್ಮಿಕರ ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳು ವಿದೇಶಗಳಲ್ಲಿ ಉನ್ನತ ವ್ಯಾಸಂಗ ಮಾಡಲೆಂದು ಕೇಂದ್ರ ಸರ್ಕಾರವು ಒಂದು ವಿದ್ಯಾರ್ಥಿವೇತನವನ್ನು ಇರಿಸಿದೆ. 2022ರಲ್ಲಿ ಅದರ ನಿಯಮಗಳನ್ನು ಪರಿಷ್ಕರಿಸಿದಾಗ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತವನ್ನು ಕುರಿತ ಸಮಾಜಾಧ್ಯಯನದ ವಿಷಯಗಳಿಗೆ ಈ ನೆರವು ದೊರೆಯದೆಂದು ವಿಧಿಸಲಾಯಿತು. ಇಂಥ ವಿಷಯಗಳಿಗೆ ಬೇಕಾದ ಸಂಪನ್ಮೂಲವೂ ಪಾಂಡಿತ್ಯವೂ ನಮ್ಮ ದೇಶದಲ್ಲಿಯೇ ಇರುವಾಗ ಆ ಹಣವನ್ನು ಬೇರೆ ವಿಷಯಗಳಿಗೆ ಬಳಸುವುದು ಲೇಸು ಎಂಬುದು ಅದಕ್ಕೆ ಕೊಟ್ಟ ಕಾರಣ. ಉಳ್ಳವರ ಮಕ್ಕಳು ತಮ್ಮ ಹಣದಿಂದ ಯಾವ ವಿಷಯವನ್ನಾದರೂ ಓದಬಹುದು. ಇಲ್ಲದವರ ಮಕ್ಕಳಿಗೆ ಮಾತ್ರ ಈ ಬಾಗಿಲು ಮುಚ್ಚಿತು. ದಾಸೋಹದ ಅನ್ನವನ್ನುಂಡು ಅಕ್ಷರ ಕಲಿತ ನಮಗೆ ಈ ಸಂಗತಿ ಪರರ ಸಂಗತಿಯೆನಿಸಬಾರದು.

ಸರ್ಕಾರದ ವಾದದಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಕನ್ನಡ ಶಾಸನವೊಂದನ್ನು ಓದಲು ಕಲಿಯಬೇಕಾದವನು ಮೈಸೂರಿಗೋ ಧಾರವಾಡಕ್ಕೋ ಹೋಗಬೇಕೇ ಹೊರತು ಆಕ್ಸ್‌ಫರ್ಡಿಗಲ್ಲ. ಧಾರವಾಡದಲ್ಲಿ 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯೂ ಮೈಸೂರಿನ ಶಾಸನಶಾಸ್ತ್ರ ಕಚೇರಿಯೂ ಸಲ್ಲಿಸಿದ ಸೇವೆ ಯಾವ ವಿದೇಶೀ ವಿಶ್ವವಿದ್ಯಾಲಯಕ್ಕೂ ಕಡಿಮೆಯದಲ್ಲ. ಆದರೆ ಇತಿಹಾಸಾಧ್ಯಯನವೆಂದರೆ ಸಾಮಗ್ರಿಯ ಸಂಗ್ರಹವಷ್ಟೇ ಅಲ್ಲ, ಅದೊಂದು ವಿಚಾರಕ್ರಮ. ಆ ಕ್ರಮ ಎಲ್ಲಿ, ಹೇಗೆ ಬೆಳೆಯಿತೆಂಬುದನ್ನು ಅರಿತರೆ ನಮ್ಮ ಪ್ರಶ್ನೆಗೆ ಉತ್ತರದ ದಾರಿ ತೋರೀತು.

ಜರ್ಮನಿಯ ರಾಂಕೆ ಎಂಬ ವಿದ್ವಾಂಸನು 1825ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕನಾಗಿ ಬಂದನು. ಅಲ್ಲಿ ಅವನು ಕೆಲವೇ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಹಳೆಯ ದಾಖಲೆಗಳನ್ನು ಅವರ ಮುಂದಿಟ್ಟು ಪರೀಕ್ಷಿಸುವ ಪದ್ಧತಿಯನ್ನು ಬೆಳೆಸಿದನು. ಇದನ್ನು ಬರೆದವನಾರು? ಯಾವಾಗ, ಯಾರಿಗಾಗಿ ಬರೆದನು? ತಾನು ಕಂಡದ್ದನ್ನು ಬರೆದನೋ, ಕೇಳಿದ್ದನ್ನೋ? ಗುರುವೂ ಶಿಷ್ಯರೂ ಒಂದೇ ಮೇಜಿನ ಸುತ್ತ ಕುಳಿತು ಹೀಗೆ ವಿಚಾರಿಸುವ ಈ 'ಸೆಮಿನಾರ್' ಪದ್ಧತಿಯು ಅಮೆರಿಕದ ವಿಶ್ವವಿದ್ಯಾಲಯಗಳಿಗೂ ಹಬ್ಬಿತು. ಆಕ್ಸ್‌ಫರ್ಡಿನಲ್ಲಿ ಬೇರೊಂದು ರೂಢಿ ಬಂದಿತು. ವಿದ್ಯಾರ್ಥಿಯು ಸೂಚಿಸಿದ ಗ್ರಂಥಗಳನ್ನು ಓದಿ ಪ್ರಬಂಧವೊಂದನ್ನು ಬರೆದು ತನ್ನ ಗುರುವಿಗೆ ಒಪ್ಪಿಸಬೇಕು. ಗುರುವು ಅದರ ಒಂದೊಂದು ಮಾತನ್ನೂ ಹಿಡಿದು ಪ್ರಶ್ನಿಸುತ್ತಾನೆ. ಆ ಪ್ರಶ್ನೆಗಳೆಲ್ಲದರ ತಿರುಳು ಒಂದೇ: ಯಾವ ಆಧಾರದ ಮೇಲೆ ಹೀಗೆ ಹೇಳುತ್ತೀಯೆ?

ಪರೀಕ್ಷೆಗಾಗಿ ತಾರೀಖುಗಳನ್ನೂ ಅರಸರ ವಂಶಾವಳಿಯನ್ನೂ ಬಾಯಿಪಾಠ ಮಾಡಿದ ನಮ್ಮ ವಿದ್ಯಾರ್ಥಿಗೆ ಈ ಪ್ರಶ್ನೆ ಮೊದಲು ದಿಗಿಲು ಹುಟ್ಟಿಸುತ್ತದೆ. ಪುಸ್ತಕದಲ್ಲಿ ಅಚ್ಚಾದದ್ದೆಲ್ಲ ನಿಜವೆಂದೂ ಗುರುಗಳು ಹೇಳಿದ್ದನ್ನು ಮರುಪ್ರಶ್ನಿಸುವುದು ಅವಿನಯವೆಂದೂ ತಿಳಿದು ಬೆಳೆದವನಿಗೆ, ಪ್ರಶ್ನಿಸುವುದೇ ವಿದ್ಯೆಗೆ ಸಲ್ಲಿಸುವ ಗೌರವವೆಂಬ ಅರಿವು ನಿಧಾನವಾಗಿ ಮೂಡುತ್ತದೆ.

ಇಂಥ ಪ್ರಶ್ನೆಯಿಂದ ಧರ್ಮಕ್ಕೆ ಹಾನಿಯೊದಗದೆ ಎಂದು ಭಕ್ತರಾದ ತಾವು ಕೇಳಬಹುದು. ಇತಿಹಾಸದ ಪಾಠಗಳಲ್ಲಿ ಆಗಾಗ ಸ್ಮರಿಸುವ ಪ್ರಸಂಗವೊಂದನ್ನು ಹೇಳುತ್ತೇನೆ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು ಪಶ್ಚಿಮದ ರಾಜ್ಯಾಧಿಕಾರವನ್ನು ಪೋಪ್ ಗುರುವಿಗೆ ದತ್ತಿಯಾಗಿ ಕೊಟ್ಟನೆಂಬ ಪತ್ರವೊಂದು ಯೂರೋಪಿನಲ್ಲಿ ಶತಮಾನಗಳ ಕಾಲ ಮಾನ್ಯವಾಗಿತ್ತು. 1440ರಲ್ಲಿ ಇಟಲಿಯ ಲೊರೆಂಜೊ ವಲ್ಲಾ ಎಂಬ ಪಂಡಿತನು ಆ ಪತ್ರದ ಲ್ಯಾಟಿನ್ ಭಾಷೆಯನ್ನು ಪರೀಕ್ಷಿಸಿ, ಅದರಲ್ಲಿರುವ ಶಬ್ದಗಳು ಆ ಚಕ್ರವರ್ತಿಯ ಕಾಲದವಲ್ಲವೆಂದೂ ಪತ್ರವು ಕೂಟಸೃಷ್ಟಿಯೆಂದೂ ತೋರಿಸಿದನು. ವಲ್ಲಾ ಮುಂದೆ ಪೋಪರ ಕಚೇರಿಯಲ್ಲಿಯೇ ಸೇವೆಗೆ ಸೇರಿದನು. ಸುಳ್ಳು ಪತ್ರವೊಂದು ಬಿದ್ದುಹೋದ ಮಾತ್ರಕ್ಕೆ ಕ್ರೈಸ್ತಧರ್ಮ ಬಿದ್ದುಹೋಗಲಿಲ್ಲ.

ಹೊರನಾಡಿಗೆ ಹೋಗಲು ಇನ್ನೊಂದು ಕಾರಣವೂ ಉಂಟು. ನಮ್ಮ ಇತಿಹಾಸದ ಆಧಾರಗಳೆಲ್ಲ ನಮ್ಮಲ್ಲಿಯೇ ಇವೆಯೆಂಬುದು ಪೂರ್ಣ ಸತ್ಯವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯನ್ನು ಅಳೆದ ಕರ್ನಲ್ ಮೆಕೆಂಜಿಯು ಊರೂರಿನ ಕೈಫಿಯತ್ತುಗಳನ್ನೂ ಶಾಸನಗಳ ಪ್ರತಿಗಳನ್ನೂ ಸಂಗ್ರಹಿಸಿದನು. ಅವನ ಕಾಲಾನಂತರ ಆ ಸಂಗ್ರಹದ ಒಂದು ಭಾಗ ಮದರಾಸಿನಲ್ಲಿ ಉಳಿಯಿತು, ಇನ್ನೊಂದು ಭಾಗ ಲಂಡನ್ನಿಗೆ ಸೇರಿತು. ವಿಜಯನಗರದ ವೈಭವವನ್ನು ಕಣ್ಣಾರೆ ಕಂಡ ಡೊಮಿಂಗೊ ಪಾಯೆಸ್ ಮತ್ತು ನೂನಿಜರ ಪೋರ್ಚುಗೀಸ್ ಬರಹಗಳ ಹಸ್ತಪ್ರತಿ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿತ್ತು. ಅದು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಗಿ, 1900ರಲ್ಲಿ ರಾಬರ್ಟ್ ಸೆವೆಲ್ಲನ ಇಂಗ್ಲಿಷ್ ಗ್ರಂಥದ ಮೂಲಕ ನಮಗೆ ತಿಳಿಯಿತು. ಮನೆಯ ಒಡವೆ ಪರರ ಪೆಟ್ಟಿಗೆಯಲ್ಲಿರುವಾಗ ಅದನ್ನು ನೋಡಲು ಅಲ್ಲಿಗೆ ಹೋಗದೆ ಗತಿಯಿಲ್ಲ.

ಹೋಗಿ ಬಂದವರಿಂದ ನಮಗಾದ ಲಾಭವನ್ನೂ ನೆನೆಯೋಣ. ದಕ್ಷಿಣ ಕನ್ನಡದ ಭಾಸ್ಕರ ಆನಂದ ಸಾಲೆತೊರೆಯವರು ಲಂಡನ್ ವಿಶ್ವವಿದ್ಯಾಲಯದ ಡಾಕ್ಟರ್ ಪದವಿಗಾಗಿ ವಿಜಯನಗರದ ಸಾಮಾಜಿಕ ಮತ್ತು ರಾಜಕೀಯ ಜೀವನವನ್ನು ಕುರಿತು ಬರೆದ ಪ್ರೌಢಪ್ರಬಂಧವು 1934ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ವಿದೇಶೀಯರ ಬರಹಗಳ ಜೊತೆಗೆ ಕನ್ನಡ ಶಾಸನಗಳನ್ನೂ ಕಾವ್ಯಗಳನ್ನೂ ಇಟ್ಟು ತೂಗಿದುದೇ ಅದರ ಬಲ. ಅದೇ ಲಂಡನ್ನಿನ ಪ್ರಾಚ್ಯ ವಿದ್ಯಾಶಾಲೆಯಲ್ಲಿ, ಬ್ಯಾಶಮ್ ಎಂಬ ಗುರುವಿನ ಬಳಿ, ಬಿಹಾರದ ರಾಮಶರಣ ಶರ್ಮರು ಪ್ರಾಚೀನ ಭಾರತದ ಶೂದ್ರರನ್ನು ಕುರಿತೂ ರೋಮಿಲಾ ಥಾಪರ್ ಅವರು ಅಶೋಕನನ್ನು ಕುರಿತೂ ಸಂಶೋಧನೆ ಮಾಡಿದರು. ಇವರ ನಿರ್ಣಯಗಳನ್ನು ಎಲ್ಲರೂ ಒಪ್ಪಬೇಕೆಂದಿಲ್ಲ; ಆದರೆ ಒಪ್ಪದವರೂ ಇವರ ಗ್ರಂಥಗಳಿಗೆ ಉತ್ತರ ಹೇಳದೆ ಮುಂದೆ ಸಾಗುವಂತಿಲ್ಲ.

ಎಲ್ಲಕ್ಕಿಂತ ಮಿಗಿಲಾದ ಉದಾಹರಣೆ ಡಾ. ಅಂಬೇಡ್ಕರರದು. ಬರೋಡೆಯ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಿಂದ 1913ರಲ್ಲಿ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು. 1916ರ ಮೇ 9ರಂದು ಅಲ್ಲಿಯ ಸೆಮಿನಾರೊಂದರಲ್ಲಿ ಭಾರತದ ಜಾತಿಗಳ ಉಗಮವನ್ನೂ ಬೆಳವಣಿಗೆಯನ್ನೂ ಕುರಿತು ಪ್ರಬಂಧ ಮಂಡಿಸಿದರು. ಅವರು ಬರೆದ ಡಾಕ್ಟರ್ ಪದವಿಯ ಪ್ರಬಂಧಗಳೂ ಭಾರತದ ಹಣಕಾಸನ್ನೇ ಕುರಿತವು. 2022ರ ನಿಯಮವು ಅಂದೇ ಇದ್ದು ಮಹಾರಾಜರು ಅದನ್ನು ಪಾಲಿಸಿದ್ದರೆ ಏನಾಗುತ್ತಿತ್ತೆಂಬುದನ್ನು ತಾವೇ ಊಹಿಸಿರಿ. ಜಾತಿಯ ನೋವನ್ನುಂಡ ತರುಣನಿಗೆ, ಆ ನೋವಿನ ಮೂಲವನ್ನು ದೂರ ನಿಂತು ನಿರ್ಭಯವಾಗಿ ವಿಚಾರಿಸಲು ಒಂದು ಸ್ಥಳ ಬೇಕಾಗಿತ್ತು. ಅದು ಅಂದು ಈ ನೆಲದಲ್ಲಿ ಅವರಿಗೆ ಸುಲಭವಾಗಿ ದೊರೆಯುವಂತಿರಲಿಲ್ಲ.

ಇಷ್ಟು ಹೇಳಿದುದರಿಂದ ಹೊರನಾಡಿನ ವಿದ್ಯೆಯೆಲ್ಲವೂ ನಿರ್ದೋಷವೆಂದು ಭಾವಿಸಲಾಗದು. ಜೇಮ್ಸ್ ಮಿಲ್ ಎಂಬವನು 1817ರಲ್ಲಿ ಬ್ರಿಟಿಷ್ ಭಾರತದ ಇತಿಹಾಸವನ್ನು ಬರೆದನು. ಅವನು ಭಾರತಕ್ಕೆ ಬಂದವನಲ್ಲ; ಇಲ್ಲಿಯ ಭಾಷೆಗಳನ್ನು ಅರಿತವನೂ ಅಲ್ಲ. ಇದನ್ನು ಕೊರತೆಯೆಂದು ಒಪ್ಪಿಕೊಳ್ಳುವ ಬದಲು ಇದರಿಂದ ನಿಷ್ಪಕ್ಷಪಾತಕ್ಕೆ ಅನುಕೂಲವೇ ಆಯಿತೆಂದು ಮುನ್ನುಡಿಯಲ್ಲಿ ಸಮರ್ಥಿಸಿಕೊಂಡನು. ಅಂಥ ಗ್ರಂಥವು ಭಾರತವನ್ನು ಆಳಲು ಬರುವ ಅಧಿಕಾರಿಗಳಿಗೆ ಪಾಠವಾಯಿತು. ಭಾಷೆಯನ್ನರಿಯದ ವಿಚಾರಕ್ರಮ ಎಂಥ ಅನರ್ಥವನ್ನು ತಂದೀತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಭಾಷೆಯನ್ನು ಬಲ್ಲವರೂ ಎಡವಿದ್ದುಂಟು. ಲಂಡನ್ನಿನಲ್ಲಿ ಸಂಸ್ಕೃತವನ್ನು ಕಲಿತು 1867ರಲ್ಲಿ ಭಾರತಕ್ಕೆ ಬಂದ ಫ್ಲೀಟ್ ಸಾಹೇಬನು ಕನ್ನಡ ಶಾಸನಗಳಿಗಾಗಿ ದುಡಿದ ಮಹಾವಿದ್ವಾಂಸ. ನಮ್ಮ ಚಾಲುಕ್ಯ, ರಾಷ್ಟ್ರಕೂಟ ಚರಿತ್ರೆಗೆ ಅವನು ಹಾಕಿದ ತಳಹದಿ ದೊಡ್ಡದು. ಆದರೆ ಅಬ್ಬಲೂರಿನ ಶಾಸನಗಳನ್ನು ಸಂಪಾದಿಸುವಾಗ ಅವನು ಏಕಾಂತದ ರಾಮಯ್ಯನಿಗೆ ಪ್ರಾಧಾನ್ಯವನ್ನು ಕೊಟ್ಟು, ಶಾಸನಗಳಲ್ಲಿ ಹೆಸರು ಕಾಣದೆಂಬ ಕಾರಣದಿಂದ ಬಸವಣ್ಣನವರ ಪಾತ್ರವನ್ನು ಸಂಶಯದಿಂದ ಕಂಡನು. ಆಧಾರವೆಲ್ಲಿ ಎಂದು ಕೇಳಿದ್ದು ಅವನ ತಪ್ಪಲ್ಲ. ಆಧಾರ ಇನ್ನೂ ದೊರೆಯದಿರುವುದನ್ನು ಆಧಾರವೇ ಇಲ್ಲವೆಂದು ಬಗೆದದ್ದು ತಪ್ಪು. ಮುಂದೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಶಾಸನವು ಬೆಳಕಿಗೆ ಬಂದಿತು. ಅದರಲ್ಲಿ ಬಸವಣ್ಣನವರ ಉಲ್ಲೇಖವಿದೆ. ಇತ್ತ ವಿಜಯಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಫ. ಗು. ಹಳಕಟ್ಟಿಯವರು ಮನೆ ಮನೆಯ ತಾಡವಾಲೆಗಳನ್ನು ಅರಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಅವರು ಯಾವ ವಿದೇಶೀ ಪದವಿಯನ್ನೂ ಪಡೆದವರಲ್ಲ. ಫ್ಲೀಟನ ಸಂಶಯವನ್ನು ನೀಗಿದ್ದು ನಮ್ಮ ಸಿಟ್ಟಲ್ಲ. ಕಲ್ಲು ಮತ್ತು ಓಲೆ.

ಬಂಧುಗಳೆ, ಇನ್ನು ನಮ್ಮನ್ನು ನಾವೇ ನೋಡಿಕೊಳ್ಳಬೇಕಾದ ಮಾತು. ಡಾ. ಎಂ. ಎಂ. ಕಲಬುರ್ಗಿಯವರು ಕಲಿತದ್ದೂ ಕಲಿಸಿದ್ದೂ ಈ ನಾಡಿನಲ್ಲಿಯೇ. ಯಾವ ಆಧಾರದ ಮೇಲೆ ಎಂಬ ಪ್ರಶ್ನೆಯನ್ನು ಅವರು ಧಾರವಾಡದಲ್ಲಿ ಕುಳಿತೇ ಕೇಳಿದರು. 'ಮಾರ್ಗ'ದಲ್ಲಿಯ ಅವರ ಕೆಲವು ಬರಹಗಳಿಗೆ ನಮ್ಮ ಸಮಾಜದಲ್ಲಿಯೇ ತೀವ್ರ ವಿರೋಧವೆದ್ದು, 1989ರಲ್ಲಿ ಅವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಆ ಬರಹಗಳನ್ನು ಒಪ್ಪದವರು ಆಧಾರಗಳನ್ನು ತಂದು ಖಂಡಿಸಬಹುದಾಗಿತ್ತು. ಬಾಯಿ ಮುಚ್ಚಿಸುವುದು ಖಂಡನೆಯಲ್ಲ. ಬಹಳ ವರ್ಷಗಳ ತರುವಾಯ, 2015ರ ಆಗಸ್ಟ್ 30ರಂದು, ಅವರು ತಮ್ಮ ಮನೆಯಲ್ಲಿಯೇ ಹಂತಕನ ಗುಂಡಿಗೆ ಬಲಿಯಾದರು. ಎರಡು ಘಟನೆಗಳೂ ಬೇರೆ ಬೇರೆ. ಒಂದರ ಹೊಣೆಯನ್ನು ಇನ್ನೊಂದಕ್ಕೆ ಹಚ್ಚಲಾಗದು. ಆದರೆ ಇತಿಹಾಸವನ್ನು ಓದಲು ಬಯಸುವ ಇಂದಿನ ಹುಡುಗಿ ಇವೆರಡನ್ನೂ ಕೇಳಿ ಬಲ್ಲಳು. ಹೊರನಾಡೇಕೆ ಎಂದು ನಾವು ಕೇಳಿದಾಗ ಅವಳು ಬಾಯಿಬಿಟ್ಟು ಹೇಳದ ಉತ್ತರದಲ್ಲಿ ಇದೂ ಒಂದಾಗಿರಬಹುದು.

ಹಾಗಾದರೆ ಕರ್ತವ್ಯವೇನು? ಹೋಗುವವರಿಗೆ ನನ್ನ ಬಿನ್ನಹವಿಷ್ಟು: ವಿಮಾನವೇರುವ ಮುನ್ನ ಹಳಗನ್ನಡವನ್ನು ಕಲಿಯಿರಿ, ಶಾಸನಗಳ ಲಿಪಿಯನ್ನು ಓದಲು ಅಭ್ಯಾಸ ಮಾಡಿರಿ. ಆ ವಿದ್ಯೆ ಅಲ್ಲಿ ಬಹುತೇಕ ಕಡೆ ದೊರೆಯದು. ಅದಿಲ್ಲದೆ ಹೋದವನು ಪರರ ಅನುವಾದಗಳನ್ನೇ ಉರುಹೊಡೆದು ಮರಳುತ್ತಾನೆ. ಹಿರಿಯರಿಗೂ ಒಂದು ಮಾತು: ವರ್ಷಕ್ಕೊಬ್ಬ ಬಡ ವಿದ್ಯಾರ್ಥಿಯಾದರೂ, ಅವನು ಯಾವ ಜಾತಿಯವನೇ ಆಗಿರಲಿ, ಇತಿಹಾಸವನ್ನು ಓದಲು ನಮ್ಮ ಹಳೆಯ ವಿದ್ಯಾರ್ಥಿಗಳು ಕೂಡಿ ನೆರವಾಗಬಾರದೆ? ಸರ್ಕಾರ ಮುಚ್ಚಿದ ಬಾಗಿಲನ್ನು ದಾಸೋಹದ ಕೈ ತುಸುವಾದರೂ ತೆರೆಯಬಲ್ಲುದು. ಮಠಗಳ ಅಟ್ಟದಲ್ಲಿ ಅರಿವೆ ಸುತ್ತಿಟ್ಟ ತಾಡವಾಲೆಯ ಕಟ್ಟುಗಳನ್ನು ಪೂಜೆಗೆಂದು ಇಟ್ಟುಕೊಂಡಂತೆ ಓದಿಗೆಂದೂ ಬಿಚ್ಚಬೇಕು. ಅವುಗಳ ಪಟ್ಟಿಯಾಗಬೇಕು, ಪ್ರತಿಯಾಗಬೇಕು.

ಕೊನೆಯದಾಗಿ, ಓದಿ ಮರಳಿದ ಮಗನೋ ಮಗಳೋ ನಮ್ಮೆದುರು ಕುಳಿತು, ನಾವು ಬಾಲ್ಯದಿಂದ ನಂಬಿದ ಸಂಗತಿಯೊಂದನ್ನು ಕುರಿತು "ಯಾವ ಆಧಾರದ ಮೇಲೆ?" ಎಂದು ಕೇಳಿದರೆ ಮುಖ ಸಿಂಡರಿಸದಿರೋಣ. ಆಧಾರವಿದ್ದರೆ ತೋರಿಸೋಣ, ಇಲ್ಲದಿದ್ದರೆ ಅವರೊಡನೆ ಕೂಡಿ ಹುಡುಕೋಣ. ಆ ಪ್ರಶ್ನೆಯನ್ನು ನಮ್ಮ ಅಂಗಳದಲ್ಲಿ ನಿರ್ಭಯವಾಗಿ ಕೇಳಲು ಸಾಧ್ಯವಾದ ದಿನ, ಇತಿಹಾಸವನ್ನು ಓದಲು ಹೊರನಾಡೇಕೆ ಎಂದು ಕೇಳುವ ಅಧಿಕಾರ ನಮಗೆ ಬರುತ್ತದೆ.